ಮೌನಕ್ಕೆ ಮೊದಲ ಬಹುಮಾನ

"ಮೌನದ ಬಗ್ಗೆ ಎರಡೇ ಎರಡು ಮಾತು ಹೇಳಿ ಮುಗಿಸ್ತೀನಿ" ಎಂದು ಹೆಡ್‌ಮಾಸ್ಟರ್ ದೋನ್ ಫೆರ್ಮಿನ್ ಮೈಕ್ ಹಿಡಿದು ಮುಕ್ಕಾಲು ಗಂಟೆಯಾಗಿತ್ತು. ಆ ಎರಡು ಮಾತು ಇನ್ನೂ ಮುಗಿದಿರಲಿಲ್ಲ.

ಬಂದರು ಪಟ್ಟಣ ವಾಲ್ಪರೈಸೊದ ಬೆಟ್ಟದ ಮೇಲಿನ ಆ ಶಾಲೆಯಲ್ಲಿ ಅಂದು ಪುಟ್ಟಕತೆ ಸ್ಪರ್ಧೆಯ ಫಲಿತಾಂಶ. ವಿಷಯ: ಮೌನ. ನೂರು ಪದ ದಾಟಿದರೆ ಕತೆ ಸೀದಾ ಕಸದಬುಟ್ಟಿಗೆ. ಭಾಷಣಕ್ಕೆ ಮಾತ್ರ ಅಂಥ ನಿಯಮವನ್ನು ಯಾರೂ ಮಾಡಿರಲಿಲ್ಲ.

ಐದನೇ ಕ್ಲಾಸಿನ ಯಾಸ್ನಾ ಮೂರನೇ ಸಾಲಿನಲ್ಲಿ ಅಜ್ಜ ಅಜ್ಜಿಯರ ನಡುವೆ ಕೂತಿದ್ದಳು. ಅವಳ ಕಣ್ಣೆಲ್ಲ ಮೇಜಿನ ಮೇಲಿದ್ದ ಕೆಂಪು ಸ್ಕೇಟಿಂಗ್ ಶೂಗಳ ಮೇಲೆ. ಅದೇ ಮೊದಲ ಬಹುಮಾನ. ಎಲ್ಲಿ ನೋಡಿದರೂ ಮೆಟ್ಟಿಲೇ ಇರುವ ಬೆಟ್ಟದ ಮಕ್ಕಳಿಗೆ ಚಕ್ರದ ಶೂ ಕೊಡಬೇಕು ಎಂದು ಯಾವ ಮಹಾಬುದ್ಧಿವಂತರಿಗೆ ಹೊಳೆಯಿತೋ! ಆದರೂ ಅವು ಅವಳಿಗೆ ಬೇಕೇ ಬೇಕಿತ್ತು. ಶಾಲೆಯ ಅಂಗಳದಲ್ಲಿ ಹದಿನೈದು ಹೆಜ್ಜೆಯಷ್ಟು ಸಿಮೆಂಟು ನೆಲ ಇತ್ತಲ್ಲ, ಅಷ್ಟು ಸಾಕಿತ್ತು.

ಅಜ್ಜ ದಾಗೊಬೆರ್ತೊ ಮಾತ್ರ ನಗುನಗುತ್ತಾ ಕೂತಿದ್ದರು. ಹೆಡ್‌ಮಾಸ್ಟರ್ ಮೈಕ್ ಮುಟ್ಟಿದ ಕ್ಷಣವೇ ಅವರು ಕಿವಿಯ ಹಿಂದಿನ ಮೆಷಿನ್ ಆಫ್ ಮಾಡಿದ್ದರು. ಮನೆಯಲ್ಲೂ ಅಷ್ಟೆ. ಅಜ್ಜಿ ಮಾತು ಶುರು ಮಾಡಿದರೆ ಸಾಕು, ಅಜ್ಜನ ಬೆರಳು ಮೆಲ್ಲಗೆ ಕಿವಿಯ ಹಿಂದೆ ಹೋಗುತ್ತಿತ್ತು. ಈ ಗುಟ್ಟು ಗೊತ್ತಿದ್ದವಳು ಯಾಸ್ನಾ ಒಬ್ಬಳೇ. "ಯಾರಿಗೂ ಹೇಳ್ಬೇಡ, ಆಯ್ತಾ?" ಎಂದು ಅಜ್ಜ ಆಣೆ ಹಾಕಿಸಿಕೊಂಡಿದ್ದರು.

ಯಾಸ್ನಾ ಆಣೆ ಮುರಿಯಲಿಲ್ಲ. ಯಾರಿಗೂ ಹೇಳಲಿಲ್ಲ. ಬರೆದು ಸ್ಪರ್ಧೆಗೆ ಕೊಟ್ಟಳು, ಅಷ್ಟೇ.

ಕತೆಯ ಕೆಳಗೆ ಸ್ವಂತ ಹೆಸರು ಹಾಕುವಂತಿರಲಿಲ್ಲ, ಸುಳ್ಳು ಹೆಸರು ಹಾಕಬೇಕಿತ್ತು. ನಿಜವಾದ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದು, ಅಂಟಿಸಿದ ಲಕೋಟೆಯೊಳಗೆ ಇಡಬೇಕಿತ್ತು. ಈ ನಿಯಮವನ್ನು ಹೆಡ್‌ಮಾಸ್ಟರ್ ಒಂದು ಪೀರಿಯಡ್ ಪೂರ್ತಿ ವಿವರಿಸಿದ್ದರು. ಹಾಗಾಗಿ ಯಾರಿಗೂ ಅರ್ಥವಾಗಿರಲಿಲ್ಲ.

"ಮೊದಲ ಬಹುಮಾನ, ಕ್ಯಾಪ್ಟನ್ ಸೀಗಡಿ!"

ಯಾಸ್ನಾ ಕೂತಲ್ಲೇ ತುದಿಗೆ ಸರಿದಳು. ಸೀಗಡಿ ಅವಳೇ!

ಹೆಡ್‌ಮಾಸ್ಟರ್ ಕತೆಯನ್ನು ಗಟ್ಟಿಯಾಗಿ ಓದಿದರು: "ಅಜ್ಜಿ ವಟವಟ ಶುರು ಮಾಡಿದ ಕೂಡಲೇ ಅಜ್ಜ ಕಿವಿಯ ಹಿಂದಿನ ಗುಂಡಿ ಒತ್ತುತ್ತಾರೆ. ಪ್ರಪಂಚವೆಲ್ಲ ಮೌನ. ಅಜ್ಜಿ ವಟವಟ ವಟವಟ. ಅಜ್ಜ ನಗುತ್ತಾ ತಲೆ ಆಡಿಸುತ್ತಾರೆ. ಈ ಬೆಟ್ಟದಲ್ಲಿ ನನ್ನ ಮಾತನ್ನು ಪೂರ್ತಿ ಕೇಳುವ ಗಂಡಸು ಇವರೊಬ್ಬರೇ ಎಂದು ಅಜ್ಜಿ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ."

ಸಭೆ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಯಾಸ್ನಾಳ ಅಜ್ಜಿ ಉಬೆರ್ಲಿಂದಾ.

"ಅಯ್ಯೋ ಪಾಪ, ಆ ಮುದುಕಿಗೆ ಅಷ್ಟೂ ಗೊತ್ತಾಗಲ್ವಾ!" ಅಜ್ಜಿ ಕಣ್ಣೊರೆಸಿಕೊಂಡರು. "ನಿಮ್ಮಜ್ಜನ್ನ ನೋಡು ಪುಟ್ಟಿ. ಮದುವೆಯಾಗಿ ನಲವತ್ತಾರು ವರ್ಷ ಆಯ್ತು. ನನ್ನ ಮಾತನ್ನ ಒಂದಿನಾನೂ ಅರ್ಧಕ್ಕೆ ನಿಲ್ಸಿಲ್ಲ. ಅಲ್ವೇನ್ರೀ?"

ಅಜ್ಜ ನಗುತ್ತಾ ತಲೆ ಆಡಿಸಿದರು.

ಯಾಸ್ನಾ ಅಜ್ಜಿಯ ಮುಖ ನೋಡಿದಳು. ಕತೆ ಬರೆಯುವಾಗ ಇದು ಬರೀ ತಮಾಷೆಯಾಗಿತ್ತು.

ಹೆಡ್‌ಮಾಸ್ಟರ್ ಲಕೋಟೆ ಹರಿದರು. ಚೀಟಿ ಓದಿದರು. ತಿರುಗಿಸಿ ಹಿಂಬದಿ ನೋಡಿದರು. "ಇದರೊಳಗೂ ಕ್ಯಾಪ್ಟನ್ ಸೀಗಡಿ ಅಂತಾನೇ ಇದೆಯಲ್ಲ!"

ಗುಟ್ಟು ಎಂದರೆ ಪೂರ್ತಿ ಗುಟ್ಟಾಗಿರಬೇಕು ಎಂದು ಯಾಸ್ನಾ ಒಳಗೂ ಅದನ್ನೇ ಬರೆದಿದ್ದಳು.

"ಯಾರಪ್ಪಾ ಈ ಸೀಗಡಿ? ಮೂರು ಸಲ ಕರೀತೀನಿ. ಬರದಿದ್ರೆ ಶೂ ಎರಡನೇ ಬಹುಮಾನದವರಿಗೆ. ಕ್ಯಾಪ್ಟನ್ ಸೀಗಡಿ, ಒಂದು!"

ಯಾಸ್ನಾ ಅರ್ಧ ಎದ್ದಳು. ಪಕ್ಕದಲ್ಲಿ ಅಜ್ಜಿ ಕತ್ತು ಚಾಚಿ ಹಿಂದಿನ ಸಾಲುಗಳನ್ನೆಲ್ಲ ಹುಡುಕುತ್ತಿದ್ದರು. "ಯಾರ ಮನೆ ಮಗುವೋ! ಆ ಅಜ್ಜಿ ಇಲ್ಲೇ ಎಲ್ಲಾದ್ರೂ ಕೂತಿದ್ರೆ ಇವತ್ತಿಗೆ ಅವಳ ಮಾನ ಹೋಯ್ತು."

"ಎರಡು!"

ಯಾಸ್ನಾ ಕೂತಳು. ಕೆಂಪು ಶೂಗಳ ಚಕ್ರ ಫಳಫಳ ಹೊಳೆಯುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡಳು.

"ಮೂರು!"

ಶೂ ಎರಡನೇ ಸ್ಥಾನದ ಬಾಸ್ತಿಯಾನನ ಪಾಲಾಯಿತು. ಅವನ ಕತೆಯಲ್ಲಿ ಒಂದು ಮೀನು ಸುಮ್ಮನಿರುತ್ತದೆ, ಬೇರೇನೂ ಆಗುವುದಿಲ್ಲ. ಎರಡನೇ ಬಹುಮಾನಕ್ಕೆಂದು ಇಟ್ಟಿದ್ದ ಡಿಕ್ಷನರಿ ಮತ್ತೆ ಬೀರು ಸೇರಿತು. ಹೋದ ವರ್ಷವೂ ಅದು ಹೀಗೇ ಪಾರಾಗಿತ್ತು.

ಮನೆಗೆ ಹತ್ತುವ ಮೆಟ್ಟಿಲಲ್ಲಿ ಅಜ್ಜಿ ಮುಂದೆ ನಡೆಯುತ್ತಾ ಆಗಲೇ ಮಾತು ಶುರು ಮಾಡಿದ್ದರು. ಅಜ್ಜ ಮೆಷಿನ್ ಆನ್ ಮಾಡುವ ಗೋಜಿಗೇ ಹೋಗಿರಲಿಲ್ಲ. ಯಾಸ್ನಾ ಹಿಂದೆ ಕಾಲೆಳೆಯುತ್ತಿದ್ದಳು. ಅಳು ಬಂದಿತ್ತು. ಅಷ್ಟು ಒಳ್ಳೆಯ ಕತೆ! ಒಂದೊಂದು ಪದವನ್ನೂ ಅವಳು ಮತ್ತೆ ನೆನೆಸಿಕೊಂಡಳು.

ಅಜ್ಜಿಯ ಮಾತು ಬರುವಲ್ಲೆಲ್ಲ ಬರೀ ವಟವಟ.

ಅಲ್ಲಿ ಬೇರೇನು ಬರೆಯಬಹುದಿತ್ತು? ಅಜ್ಜಿ ದಿನಾ ಏನು ಹೇಳುತ್ತಾರೆ? ಯೋಚಿಸಿದರೆ ಯಾಸ್ನಾಳಿಗೆ ಒಂದು ಸಾಲೂ ನೆನಪಿಗೆ ಬರಲಿಲ್ಲ. ಅವಳ ಕಿವಿಯ ಹಿಂದೆ ಯಾವ ಮೆಷಿನ್ನೂ ಇರಲಿಲ್ಲ.

ಅವಳು ಎರಡೆರಡು ಮೆಟ್ಟಿಲು ಹಾರಿ ಅಜ್ಜಿಯ ಪಕ್ಕಕ್ಕೆ ಬಂದಳು. "ಏನಂದೆ ಅಜ್ಜಿ?"

"ಅದೇ, ಈಗ ಗ್ಯಾಸ್ ತರ್ತಾನಲ್ಲ, ಅವನಪ್ಪನ ವಿಷ್ಯ. ಆಗ ಅವನು ಕತ್ತೆ ಮೇಲೆ ಸೀಮೆಎಣ್ಣೆ ಹೇರ್ಕೊಂಡು ಬರ್ತಿದ್ದ. ಒಂದಿನ ಎಣ್ಣೆ ಇಳಿಸಿ, ನನ್ನ ಮದುವೆ ಆಗ್ತೀಯಾ ಅಂತ ಕೇಳೇಬಿಟ್ಟ! ನಾನು ಆಗಲ್ಲ ಅಂದೆ. ಅವನೇನೋ ಹೋದ. ಕತ್ತೆ ನಮ್ಮ ಬಾಗಿಲು ಬಿಟ್ಟು ಕದಲಲಿಲ್ಲ ನೋಡು."

"ಆಮೇಲೆ?" ಎಂದಳು ಯಾಸ್ನಾ.

ಅಜ್ಜಿ ಗಕ್ಕನೆ ನಿಂತರು. ಮುಂದಿನ ಮಾತು ಮರೆತವರಂತೆ ಮೊಮ್ಮಗಳನ್ನೇ ನೋಡಿದರು. ಅಜ್ಜ ಇಬ್ಬರನ್ನೂ ದಾಟಿ, ತಮ್ಮಷ್ಟಕ್ಕೆ ನಗುತ್ತಾ ಮೇಲೆ ಹತ್ತಿ ಹೋದರು.

"ಆಮೇಲಾ?" ಅಜ್ಜಿಯ ದನಿ ಸಣ್ಣದಾಗಿತ್ತು. ಅವರು ಮೆಟ್ಟಿಲ ಮೇಲೆ ಕೂತು, ಪಕ್ಕದ ಜಾಗವನ್ನು ತಮ್ಮ ಶಾಲಿನ ತುದಿಯಿಂದ ಒರೆಸಿದರು. "ಬಾ, ಕೂತ್ಕೋ. ಅದು ಸ್ವಲ್ಪ ಉದ್ದ ಇದೆ."

ಯಾಸ್ನಾ ಕೂತಳು.