ಹೊಳೆದಂಡೆಯ ಗಸ್ತುದೋಣಿ

ಬೆಳಗಿನ ಏಳಕ್ಕೆ ನಾವು ಮುದ್ದೇಬಿಹಾಳದಿಂದ ಕೃಷ್ಣೆಯ ದಂಡೆಗೆ ಬಂದಾಗ ಹೊಸ ಗಸ್ತುದೋಣಿ ನೀರಿನ ತಳದಲ್ಲಿತ್ತು.

ಬಂದರು, ದೋಣಿಘಟ್ಟಗಳ ಭದ್ರತೆಗೆಂದು ಸರಕಾರ ಕೊಟ್ಟ ಅನುದಾನದ ದೋಣಿ ಅದು. ಹನ್ನೊಂದಕ್ಕೆ ಅಧಿಕಾರಿಗಳು ಬಂದು ದೋಣಿಯನ್ನೂ ಅದರ ಇಪ್ಪತ್ತು ಜೀವರಕ್ಷಕ ಜಾಕೆಟ್‌ಗಳನ್ನೂ ನೀರಿಗಿಳಿಸಿ ನೋಡುವವರಿದ್ದರು. ನಾಳೆಯಿಂದ ಆಚೆ ದಂಡೆಯ ಮಕ್ಕಳು ಅವೇ ಜಾಕೆಟ್ ತೊಟ್ಟು ಇದೇ ದೋಣಿಯಲ್ಲಿ ಶಾಲೆಗೆ ಬರಬೇಕು.

ಪಿಎಸ್‌ಐ ನಿಷತ ಮೇಡಂ ಮೊದಲು ನೀರಿಗಿಳಿದರು. ಪೇದೆ ಕಾಂತು, ಅಂದರೆ ನಾನು, ಹಿಂದೆಯೇ ಇಳಿದೆ. ಮೀನುಗಾರರು ಹಗ್ಗ ಕಟ್ಟಿ ದೋಣಿ ಎಳೆದರು. ಎಲ್ಲೂ ಒಡಕಿಲ್ಲ. ತಳದ ತೂತು ಮುಚ್ಚುವ ಬಿರಡೆ ಮಾತ್ರ ಮಾಯ! ಮುಚ್ಚಳವಿಲ್ಲದ ಪೆಟ್ಟಿಗೆಯಲ್ಲಿ ಜಾಕೆಟ್‌ಗಳ ರಾಶಿ ಹಾಗೇ ಇತ್ತು.

"ಗುರಪ್ಪಂದ ಕೆಲಸರಿ," ಎಂದ ಅನೀಲಕುಮಾರ—ದೋಣಿ, ಜಾಕೆಟ್ ಪೂರೈಸಿದ ಗುತ್ತಿಗೆದಾರ. "ಇದು ಬಂದ್ರ ಇವನ ನಾಡದೋಣಿ ಯಾರು ಹತ್ತತಾರ?"

ಮುದುಕ ಅಂಬಿಗ ಗುರಪ್ಪ ಕೆರಳಿದ. "ಮೂವತ್ತು ವರ್ಷ ಮಂದೀನ್ನ ದಾಟಿಸೇನಿ. ಒಂದ ಜೀವ ಹೋಗಿಲ್ಲ. ನಾ ದೋಣಿ ಮುಳಗಸ್ತೇನೇನು?"

"ಸಿಟ್ಟು ಇತ್ತೋ ಇಲ್ಲೋ?" ಮೇಡಂ ಕೇಳಿದರು.

"ಇತ್ರಿ. ಈಗೂ ಐತಿ!"

ಕಾವಲುಗಾರ ಇಸ್ಮಾಯಿಲ ತಲೆ ತಗ್ಗಿಸಿದ. "ನಸುಕಿನ್ಯಾಗ ನಮಾಜಿಗೆ ಹೋಗಿದ್ನಿರಿ. ಅರ್ಧಾ ತಾಸು."

"ಜಾಕೆಟ್ ಯಾವಾಗ ಇಟ್ಟಿ?" ಮೇಡಂ ಕೇಳಿದರು.

"ನಿನ್ನಿ ಸಂಜಿಕರಿ. ಇಪ್ಪತ್ತೂ."

ಅನೀಲಕುಮಾರ ಮುಂದೆ ಬಂದ. "ಅವು ನೀರಾಗ ನೆಂದು ಹಾಳಾದ್ವು ಬಿಡ್ರಿ, ಸುಟ್ಟ ಹಾಕೋಣು. ನನ್ನ ರೊಕ್ಕದಾಗ ಹೊಸಾವು ತರಸ್ತೇನಿ."

ದೊಡ್ಡ ಮನಸ್ಸಿನವನು ಎಂದುಕೊಂಡೆ ನಾನು.

ಮೇಡಂ ಒಂದು ಜಾಕೆಟ್ ಎತ್ತಿ ಅವನೆದುರು ಹಿಡಿದರು. "ತೊಟ್ಟು ಹೊಳಿಗಿ ಇಳೀರಿ."

"ನಂಗ... ಈಜು ಬರೂದಿಲ್ರಿ."

"ಅದಕ್ಕ ಅಲ್ಲೇನ್ರಿ ಇದು ಇರೂದು?"

ಅವನು ಹಿಂದೆ ಸರಿದ. ಮೇಡಂ ಹೊಲಿಗೆ ಹರಿದರು. ಒಳಗೆ ತೇಲುವ ಫೋಮ್ ಅಲ್ಲ, ಹಾಸಿಗೆಯ ಸ್ಪಂಜು! ನೀರು ದಳದಳ ಸುರಿಯಿತು.

"ದೋಣಿ ಯಾಕ ಮುಳುಗ್ತು ಅಂತ ಎಲ್ಲಾರೂ ಕೇಳಿದ್ರಿ," ಎಂದರು ಮೇಡಂ. "ಜಾಕೆಟ್ ಯಾಕ ಮುಳುಗಿದ್ವು? ತೆರೆದ ಪೆಟಗಿಯಿಂದ ಅವು ತೇಲಿ ಮ್ಯಾಲ ಬರಬೇಕಿತ್ತು. ನೀರಾಗ ಹಾಳಾಗೂ ಜಾಕೆಟ್ ಯಾವ ಊರಿಂದು, ಅನೀಲಕುಮಾರ? ತಪಾಸಣಿಯೊಳಗ ಸಿಕ್ಕ ಬೀಳ್ತೇನಿ ಅಂತ ಇಸ್ಮಾಯಿಲ ನಮಾಜಿಗೆ ಹೋದಾಗ ನೀವ ಬಿರಡಿ ತೆಗೆದ್ರಿ. ಗುರಪ್ಪನ ಮ್ಯಾಲ ಹಾಕಿ, ಜಾಕೆಟ್ ಸುಟ್ಟ ಬಿಡೂ ವಿಚಾರ ಮಾಡಿದ್ರಿ. ಕಾಂತು, ಇವರ ಜೀಪ್ ನೋಡು."

ಸೀಟಿನ ಕೆಳಗೆ ಬಿರಡೆ ತಿರುಗಿಸುವ ಪಾನಾ ಇತ್ತು. ಪಕ್ಕದಲ್ಲೇ ಹಿತ್ತಾಳೆಯ ಬಿರಡೆ. ಅನೀಲಕುಮಾರ ಘಟ್ಟದ ಮೆಟ್ಟಿಲ ಮೇಲೆ ಕೂತುಬಿಟ್ಟ.

ಹನ್ನೊಂದಕ್ಕೆ ಬಂದ ಅಧಿಕಾರಿ ಕೇಳಿದರು: "ಹಾಗಾದರೆ ಮಕ್ಕಳ ದೋಣಿ ಎಂದಿನಿಂದ?"

"ಹೊಸಾ ಜಾಕೆಟ್ ಬರ್ಲಿ. ಒಂದೊಂದೂ ನಾನ ತೊಟ್ಟು ಈ ಹೊಳಿಗಿ ಇಳೀತೇನಿ," ಎಂದರು ಮೇಡಂ. "ಇಪ್ಪತ್ತನೇದು ತೇಲಿದ ಮ್ಯಾಲ ಕೇಳ್ರಿ."