ಜಾಡಿಯಲ್ಲಿದ್ದ ಮುದಿ ಚೇಳು

ತೊಂಬತ್ತೆಂಟರ ಮಾತು. ಹಳೇಬೀಡಿನ ನಮ್ಮ ಬಟ್ಟೆ ಅಂಗಡಿಯಲ್ಲಿ ಥಾನುಗಳ ಅಡಿಯಿಂದ ಒಂದು ಕರೀ ಚೇಳು ಹೊರಬಂತು. ಮುದಿಯಾಗಿತ್ತು, ಕೊಂಡಿ ಎತ್ತಲೂ ಆಗುತ್ತಿರಲಿಲ್ಲ. ನಾವು ಜೈನರು, ಕೊಲ್ಲುವ ಮಾತೇ ಇಲ್ಲ. "ಹೊರಗೆ ಬಿಟ್ಟರೆ ಇರುವೆ ಎಳ್ಕೊಂಡು ಹೋಗ್ತವೆ ಕಣಮ್ಮ," ಎಂದ ಮಾವ ನೇಮಿರಾಜಯ್ಯನವರು, ಉಪ್ಪಿನಕಾಯಿಗೆಂದು ನಾನು ತಂದಿಟ್ಟಿದ್ದ ಗಾಜಿನ ಜಾಡಿಗೇ ಮರಳು ತುಂಬಿ ಅದನ್ನು ಸಾಕಿಕೊಂಡರು.

ಅದು ತಿನ್ನುವುದು ಜೀವಂತ ಹುಳ. ನಾವು ಹೇಗೆ ಕೊಡೋದು? ಮಾವ ಬೆಲ್ಲ ಇಟ್ಟರು, ನೆನೆಸಿದ ಕಡಲೆ ಇಟ್ಟರು. ಮುಟ್ಟಲಿಲ್ಲ. ಒದ್ದೆ ಹತ್ತಿಯಿಂದ ನೀರು ಮಾತ್ರ ಹೀರುತ್ತಾ ತಿಂಗಳುಗಟ್ಟಲೆ ಬದುಕಿ, ಒಂದು ದಿನ ಕಾಲು ಮಡಚಿಕೊಂಡು ಸತ್ತಿತು. ಮಾವ ಹಿತ್ತಲಲ್ಲಿ ಹೂತರು. ನಾನು ಮರಳು ಚೆಲ್ಲಿ, ಜಾಡಿ ತೊಳೆದು, ಬಾಯಿಗೆ ಬಟ್ಟೆ ಕಟ್ಟಿ ಮನೆಯ ಕಿಟಕಿಯಲ್ಲಿಟ್ಟೆ.

ಆಮೇಲೆ ಮನೆಯಲ್ಲಿ ಜೀರುಂಡೆ ಸದ್ದು ನಿಂತುಹೋಯಿತು. ಮಟಮಟ ಬಿಸಿಲಿನಲ್ಲೂ ಜಾಡಿ ಮುಟ್ಟಿದರೆ ತಣ್ಣಗಿರುತ್ತಿತ್ತು. ಒಂದು ಬೆಳಿಗ್ಗೆ ಅದರ ತಳದಲ್ಲಿ ಜಿರಳೆಯ ರೆಕ್ಕೆ ಬಿದ್ದಿತ್ತು. ಬಿಸಾಡಿ ಮತ್ತೆ ಕಟ್ಟಿದೆ. ಮರುದಿನ ನೋಡಿದರೆ ನಾಲ್ಕೈದು ರೆಕ್ಕೆ. ಮಾವನಿಗೆ ತೋರಿಸಿದೆ. ಅವರು ಜಾಡಿಯೊಳಗೆ ಬಗ್ಗಿ ನೋಡಿ, "ಪಾಪ, ಎಷ್ಟು ಹಸಿದಿತ್ತೋ," ಎಂದರು.

ಆ ಸಂಜೆ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ, ರೆಕ್ಕೆಗಳನ್ನು ಬಿಸಾಡಿ, ಖಾಲಿ ಜಾಡಿಗೆ ಗಂಟಿನ ಮೇಲೆ ಗಂಟು ಹಾಕಿ ಬಟ್ಟೆ ಬಿಗಿದೆ. ಕೈ ತೊಳೆದು ಬರುವಷ್ಟರಲ್ಲಿ ಒಳಗೊಂದು ಹಲ್ಲಿಯ ಬಾಲವಿತ್ತು. ಗಂಟುಗಳು ನಾನು ಹಾಕಿದಂತೆಯೇ ಇದ್ದವು. ಬಾಲ ಇನ್ನೂ ಮಿಡುಕುತ್ತಿತ್ತು.