ಆಮೆನ್ ಹೇಳುವವರೆಗೆ ಬಾಣ ಬಿಡಬೇಡ

ಗಲ್ಫಿನ ಹತ್ತಾ ಬೆಟ್ಟಗಳಲ್ಲಿ ಬಚ್ಚಿಟ್ಟ ಹನ್ನೆರಡು ರಬ್ಬರ್ ಜಿಂಕೆಗಳನ್ನು ಹುಡುಕಬೇಕು, ಒಂದೊಂದಕ್ಕೂ ಒಂದೊಂದು ಬಾಣ ಹೊಡೆಯಬೇಕು, ಮಧ್ಯಾಹ್ನದೊಳಗೆ ವಾಪಸ್ ಬರಬೇಕು. ಬಿಲ್ಲುಗಾರರ ಕ್ಲಬ್ಬಿನ ವಾರ್ಷಿಕ ಯಾತ್ರೆ ಎಂದರೆ ಇಷ್ಟೇ. ಉಳಿದವರಿಗೆ ಇದು ಆಟ. ಮಿರ್ದಿಫ್ ಬಡಾವಣೆಯ ರೇಮಂಡನಿಗೆ ಮಾತ್ರ ಮಾನದ ಪ್ರಶ್ನೆ.

ರೇಮಂಡ್ ಆಸ್ಪತ್ರೆಯೊಂದರ ಸ್ಟೋರ್‌ಕೀಪರ್. ಒಳ್ಳೆಯ ಮನುಷ್ಯ, ಆದರೆ ವಿಪರೀತ ಅವಸರ. ಹೆದೆ ಎಳೆದದ್ದೇ ತಡ, ಬಾಣ ಬಿಟ್ಟೇಬಿಡುತ್ತಿದ್ದ. ಕಳೆದ ವರ್ಷ ಯಾರೋ "ನಿಲ್ಲಿ!" ಎಂದು ಕೂಗಿದ್ದಕ್ಕೆ ಬೆಚ್ಚಿಬಿದ್ದು ಬಿಟ್ಟ ಬಾಣ ಕ್ಲಬ್ಬಿನ ಐಸ್ ಬಾಕ್ಸಿಗೆ ಹೊಕ್ಕು, ನಲವತ್ತು ಜನರ ಮಜ್ಜಿಗೆ ಮಣ್ಣುಪಾಲಾಗಿತ್ತು. ಈ ಸಲವೂ ಅವಸರ ಮಾಡಿದರೆ ಕ್ಲಬ್ಬಿನಿಂದಲೇ ಹೊರಗೆ. ಅದನ್ನು ನೋಡಿ ಬರೆದುಕೊಳ್ಳಲು ಸುರಕ್ಷತಾ ಅಧಿಕಾರಿ ಜಸೀಲ, ಉಪ್ಪಿನಂಗಡಿಯ ಗಟ್ಟಿ ಹೆಂಗಸು, ತಂಡದ ಬೆನ್ನಿಗೇ ಹೊರಟಿದ್ದಳು.

ಮದ್ದು ಕಂಡುಹಿಡಿದವನು ಗೆಳೆಯ ಜೆರಾಲ್ಡ್, ಇಗರ್ಜಿಯಲ್ಲಿ ಹಾಡು ಕಲಿಸುವವನು.

"ನೀನು ಹೆದೆ ಎಳಿ. ನಾನು ಒಂದು ನಮಾನ್ ಮರಿಯೆ ಜಪ ಹೇಳ್ತೇನೆ. ನನ್ನ ಬಾಯಿಂದ ಆಮೆನ್ ಬಂದ ಮೇಲೆಯೇ ಬಿಡುವುದು. ಗೊತ್ತಾಯ್ತಾ?"

ಎರಡು ತಿಂಗಳು ಹೀಗೇ ಅಭ್ಯಾಸ ನಡೆಯಿತು. ಮರಿಯಮ್ಮನ ಜಪ ಮುಗಿಯುವವರೆಗೆ ರೇಮಂಡ್ ಕಲ್ಲಿನಂತೆ ನಿಲ್ಲತೊಡಗಿದ.

ಜನವರಿಯ ಬೆಳಗು ತಣ್ಣಗಿತ್ತು. ಕಂದು ಬೆಟ್ಟಗಳು ಒಂದರ ಹಿಂದೊಂದು ನಿಂತಿದ್ದವು. ಒಂದು ಹುಲ್ಲುಕಡ್ಡಿ ಕಂಡರೂ ಕೈಮುಗಿಯಬೇಕು, ಅಷ್ಟು ಬೋಳು. ವಾದಿಯ, ಅಂದರೆ ನೀರಿಲ್ಲದ ಹಳ್ಳದ, ಉರುಟು ಕಲ್ಲುಗಳ ಮೇಲೆ ಕಾಲು ಜಾರುತ್ತಿತ್ತು. ಮುಂದೆ ದುರ್ಬೀನು ಹಿಡಿದು ಉಡುಪಿಯ ಇಂದ್ರಾಣಿ, ಹೋಟೆಲಿನ ರಿಸೆಪ್ಶನಿಸ್ಟ್, ಮೇಕೆಯಂತೆ ಹತ್ತುತ್ತಿದ್ದಳು. ಒಂದೊಂದೇ ಜಿಂಕೆ ಸಿಕ್ಕಿತು. ಹನ್ನೊಂದು ಜಪ, ಹನ್ನೊಂದು ಆಮೆನ್, ಹನ್ನೊಂದು ಬಾಣ. ಜಸೀಲಳ ಪಟ್ಟಿಯಲ್ಲಿ ಒಂದು ತಪ್ಪೂ ಇರಲಿಲ್ಲ.

ಹನ್ನೆರಡನೆಯದು ವಾದಿಯ ಆಚೆ ದಡದಲ್ಲಿತ್ತು. ರೇಮಂಡ್ ಹೆದೆ ಎಳೆದ. ಜೆರಾಲ್ಡ್ ಜಪ ಶುರುಮಾಡಿದ.

ಅಷ್ಟರಲ್ಲಿ ಬಂಡೆಯ ಹಿಂದಿನಿಂದ ನಿಜವಾದ ಜಿಂಕೆಯೊಂದು ಬಂದು ರಬ್ಬರ್ ಜಿಂಕೆಯ ಎದುರಿಗೇ ನಿಂತಿತು!

ಜಪ ಹೇಳುತ್ತಲೇ ಜೆರಾಲ್ಡ್ ಲೆಕ್ಕ ಹಾಕಿದ. ಅದನ್ನು ಕೊಂದರೆ ಜೈಲು, ಆಮೇಲೆ ಊರಿಗೆ ಒನ್‌ವೇ ಟಿಕೆಟ್. "ನಿಲ್ಲು" ಎಂದರೆ ರೇಮಂಡ್ ಬೆಚ್ಚಿ ಬಾಣ ಬಿಡುತ್ತಾನೆ. ಆಮೆನ್ ಎಂದರೆ ಅಭ್ಯಾಸಬಲಕ್ಕೆ ಬಿಟ್ಟೇ ಬಿಡುತ್ತಾನೆ. ಜಪವೋ ಮುಗಿಯುತ್ತಾ ಬಂದಿದೆ!

ಆಮೆನ್ ಹೇಳದೆ ಅವನು ನೇರ ಸಂತರ ಪಟ್ಟಿಗೆ ಹಾರಿದ. "ಸಾಂತ್ ಪೆದ್ರು..."

"ಆಮ್ಚೆ ಖಾತಿರ್ ವಿನತಿ ಕರ್," ಎಂದಳು ಇಂದ್ರಾಣಿ. ಕೊಂಕಣಿ ನೆರೆಮನೆಯವರ ಪ್ರಾರ್ಥನೆ ಕೇಳಿ ಕೇಳಿ, ನಮಗಾಗಿ ಬೇಡಿಕೋ ಎಂಬ ಆ ಮಾರುತ್ತರ ಅವಳಿಗೆ ಬಾಯಿಪಾಠ.

"ಸಾಂತ್ ಜುಜೆ... ಸಾಂತ್ ಆಂತೊನ್..."

ಎಳೆದು ಹಿಡಿದೇ ರೇಮಂಡನ ತೋಳು ಸೋಲತೊಡಗಿತು. ಜಿಂಕೆ ಕದಲಲಿಲ್ಲ. ಹೆದರಿಕೆಗೆ ಜೆರಾಲ್ಡನಿಗೆ ಉಳಿದ ಸಂತರೆಲ್ಲ ಮರೆತೇ ಹೋದರು.

"ಸಾಂತ್ ಸುರತ್ಕಲ್... ಸಾಂತ್ ಮುಲ್ಕಿ... ಸಾಂತ್ ಪಡುಬಿದ್ರಿ..."

"ಆಮ್ಚೆ ಖಾತಿರ್ ವಿನತಿ ಕರ್," ಇಂದ್ರಾಣಿ ಭಕ್ತಿಯಿಂದಲೇ ಹೇಳಿದಳು. ಜಸೀಲ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡಳು.

ಸಾಂತ್ ಕಾಪು ಬರುವಷ್ಟರಲ್ಲಿ ಜಿಂಕೆ ದಡ ಇಳಿದು ಹೋಯಿತು.

"ಆಮೆನ್!" ಜೆರಾಲ್ಡ್ ಕಿರುಚಿದ.

ಬಾಣ ಹೋಗಲಿಲ್ಲ. ರೇಮಂಡ್ ಹಲ್ಲು ಕಚ್ಚಿ, ಇಂಚಿಂಚಾಗಿ ಹೆದೆಯನ್ನು ಸಡಿಲಿಸಿದ. ಬಿಲ್ಲು ಕೆಳಗಿಳಿಯಿತು.

"ಆಮೆನ್ ಹೇಳಿದೆನಲ್ಲ ಮಾರಾಯ! ಎಂತ ಆಯ್ತು ನಿನಗೆ?"

"ಅದು ಹೋಗುವಾಗ ತಿರುಗಿ ನೋಡ್ತು. ಹಿಂದೆ ಯಾರೋ ಉಂಟು. ತಡಿ."

ಅವರು ಕಾದರು. ರಬ್ಬರ್ ಜಿಂಕೆಯ ಕಾಲ ನಡುವಿನಿಂದಲೇ ನುಸುಳಿ, ತೊಡರುಗಾಲಿನ ಮರಿಯೊಂದು ತಾಯಿಯ ಹಿಂದೆ ಓಡಿತು.

ಇಂದ್ರಾಣಿ ಕಣ್ಣು ಒರೆಸಿಕೊಂಡಳು.

ರೇಮಂಡ್ ಮತ್ತೆ ಬಿಲ್ಲು ಎತ್ತಿದ. ಜೆರಾಲ್ಡ್ ಬಾಯಿ ತೆರೆದ.

"ಬೇಡ. ಈ ಸಲ ನಾನೇ."

ಅವನು ಎಳೆದ, ಹಿಡಿದ, ಆಚೆ ದಡ ಪೂರ್ತಿ ನೋಡಿದ, ಬಿಟ್ಟ. ಸೋತ ಕೈಯ ಬಾಣ ರಬ್ಬರ್ ಜಿಂಕೆಯ ಪೃಷ್ಠಕ್ಕೆ ನಾಟಿತು.

"ಇದಕ್ಕೆ ಎರಡೇ ಪಾಯಿಂಟ್, ರೇಮಂಡಣ್ಣ," ಎನ್ನುತ್ತಾ ಜಸೀಲ ಪಟ್ಟಿಯ ಕೊನೆಗೆ ಬರೆದಳು: ಬಿಲ್ಲು ಹಿಡಿಯಲು ಯೋಗ್ಯ.

ಕಾರಿನ ಹತ್ತಿರ ಬರುವಾಗ ರೇಮಂಡನಿಗೆ ಕೈ ಎತ್ತಲೂ ಆಗುತ್ತಿರಲಿಲ್ಲ. ಹೆಂಡತಿ ಜೋಯ್ಲಿನಳ ಫೋನು ಬಂದಾಗ ಇಂದ್ರಾಣಿಯೇ ಅವನ ಕಿವಿಗೆ ಹಿಡಿದಳು.

"ಎಂತ ಹೊಡೆದಿರಿ?"

"ಹೊಡೆದದ್ದು ಬಿಡು. ಇವತ್ತು ನಾನು ಹೊಡೆಯದೆ ಕಾದೆ, ಜೋಯ್ಲಿನ್!"



"ನೀವಾ? ಫೋನು ಜೆರಾಲ್ಡನಿಗೆ ಕೊಡಿ. ಇದನ್ನು ನಾನು ಬೇರೆಯವರ ಬಾಯಿಂದ ಕೇಳಬೇಕು."